ಗುದ್ದಿದಾಂವ ಆರಾಮ, ಗುದ್ದಿಸಿಕೊಂಡಾಂವಗ ನೂರಾಎಂಟು ಪ್ರಶ್ನೆ

"ಹಂಗ ಒಮ್ಮಿಂದೊಮ್ಮೆಲೆ ಬ್ರೇಕ್ ಯಾಕ ಹಾಕಿದಿ?" ಈ ಮಾತು ಇನ್ನೊಬ್ಬರು ಕೇಳಿದ್ರ ಖರೇನ ನನ್ನ ತಲಿ ಕೆಡತೈತಿ. ಆಸ್ಪತ್ರ್ಯಾಗ ಕಾಂಪೌಂಡರ್ ಕೇಳಿದ, ಠಾಣೆದಾಗ ಕೇಳಿದ್ರು, ಇನ್ಶೂರನ್ಸ್ ಕಂಪನಿಯಿಂದ ಫೋನ್ ಮಾಡಿದ ಹುಡುಗಿ ಕೇಳಿದ್ಲು, ನಮ್ಮ ಓಣಿ ಕಾಕಾನೂ ಕೇಳಿದ. ಅಲ್ರಿ, ನಮ್ಮ ವಿಜಯಪುರದ ಬಬಲೇಶ್ವರ ರೋಡಿನ್ಯಾಗ ಬೈಕ್ ಮ್ಯಾಲ ಹೊಂಟಿದ್ದೆ, ಮುಂದ ಕುರಿ ಹಿಂಡು ದಾಟಾಕತ್ತಿತ್ತು. ಬ್ರೇಕ್ ಹಾಕದ ಕುರಿ ಮ್ಯಾಲ ಗಾಡಿ ಹತ್ತಸಬೇಕಿತ್ತೇನು? ನಾ ನಿಂತು, ಒಂದು ಕಾಲು ನೆಲಕ್ಕ ಊರಿ, ಹಿಂಡು ದಾಟೂದನ್ನ ಕಾಯಾಕತ್ತಿದ್ದೆ. ಹಿಂದಿನಿಂದ ಬಂದ ಕಾರು ಗುದ್ದಿತು. ಹೆಲ್ಮೆಟ್ ಇತ್ತು, ತಲಿ ಉಳೀತು. ಬಲಗಡೆ ಕಾಲರ್ ಬೋನ್ ಮುರೀತು.

ಮುಂದಿನ ಗಾಡಿ ಯಾವಾಗ ನಿಂತ್ರೂ ಗುದ್ದದಂಗ ಅಂತರ ಬಿಟ್ಟು ಬರೂದು ಹಿಂದಿನಾಂವನ ಜವಾಬ್ದಾರಿ. 2017ರ ಡ್ರೈವಿಂಗ್ ನಿಯಮದಾಗೂ ಅದನ್ನ ಬರದಾರ. ಆದ್ರ "ಅಂತರ ಯಾಕ ಬಿಡಲಿಲ್ಲ" ಅಂತ ಅವನ್ನ ಒಬ್ಬರೂ ಕೇಳಿಲ್ಲ. ಕಾರಿನಾಂವ ಇಳದು ಬಂದು ಮೊದಲ ನೋಡಿದ್ದು ತನ್ನ ಬಂಪರ್.

ಠಾಣೆದಾಗ ಶುರುವಾದದ್ದ ಕಾಂಪ್ರಮೈಸ್ ಮಾತಿನಿಂದ. "ಐದು ಸಾವಿರ ಕೊಡ್ತೀನಿ ಅಂತಾನ, ತಗೊಂಡು ಬಿಟ್ಟಬಿಡ್ರಿ. ಕೇಸ್ ಆದ್ರ ನಿಮಗೂ ತ್ರಾಸ." ಎಲುಬಿಗೆ ಪ್ಲೇಟ್ ಕೂಡಸಾಕ ಎಷ್ಟು ಆಗತೈತಿ ಅಂತ ಗೊತ್ತಿದ್ದಾವರು ಯಾರರೇ ಈ ಮಾತು ಆಡ್ತಾರೇನ್ರಿ? ಎಲುಬು ಮುರದ್ರ ಕಾನೂನಿನ್ಯಾಗ ಅದು ಭಾರಿ ಗಾಯ, ತರಚಿದ ಗಾಯ ಅಲ್ಲ. ಎಫ್‌ಐಆರ್ ಆಗಲೇಬೇಕು ಅಂತ ನಮ್ಮ ಮಾವ ಕುಂತಲ್ಲೇ ಕುಂತ. ಆತು, ಎಫ್‌ಐಆರ್ ಆತು. ಮಾವಗ ಅವತ್ತಿನಿಂದ ಬಿಪಿ ಗುಳಿಗಿ ಚಾಲೂ ಆಗ್ಯಾವ, ಅದು ಬ್ಯಾರೆ ಮಾತು.

ಇಲ್ಲಿಂದ ಮುಂದ ನನ್ನ ಗಾಡಿ ಸ್ಟೇಶನ್ ಮುಂದ ಬಿಸಲಾಗ. ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡಿ ರಿಪೋರ್ಟ್ ಕೊಡೂತನಕ ಬಿಡೂದಿಲ್ಲ. ನನ್ನ ಇನ್ಶೂರನ್ಸ್ ಕಂಪನಿಯವರು, "ಗಾಡಿ ಗ್ಯಾರೇಜಿಗೆ ತರ್ರಿ, ಇಲ್ಲಂದ್ರ ನುಕ್ಸಾನಿನ ಸರ್ವೇ ಆಗೂದಿಲ್ಲ." ಠಾಣೆಯವರು, "ಇನ್‌ಸ್ಪೆಕ್ಷನ್ ಆಗೂತನಕ ಗಾಡಿ ಮುಟ್ಟಬ್ಯಾಡ್ರಿ." ಇಬ್ಬರೂ ನನಗ ಹೇಳ್ತಾರ, ಒಬ್ಬರಿಗೊಬ್ಬರು ಮಾತಾಡೂದಿಲ್ಲ. ಇದರಾಗ ಕಂಪನಿಯಿಂದ ವಾಟ್ಸಾಪ್ ಬಂತು: "ಗಾಡಿ ಚಾಲೂ ಮಾಡಿ, ಸುತ್ತೂಕಡೆಯಿಂದ ವಿಡಿಯೋ ತಗದು ಕಳಸ್ರಿ." ಬಲಗೈ ಕೊರಳಿಗೆ ಕಟ್ಟೈತಿ, ಗಾಡಿ ಜಪ್ತಿ ಐತಿ, ಕಿಲ್ಲಿ ಠಾಣೆ ಮುನ್ಶಿ ಕಡೆ ಐತಿ. ನಾ ಏನ್ ಚಾಲೂ ಮಾಡ್ಲಿ?

ನಂದು ಕೋರ್ಟಿನ ಹತ್ರ ಝೆರಾಕ್ಸ್ ಅಂಗಡಿ. ಊರಮಂದಿಯ ಕ್ಲೇಮಿನ ಕಾಗದ ಎಷ್ಟೋ ವರ್ಷದಿಂದ ನನ್ನ ಮಶೀನಿನ್ಯಾಗ ಹೊಂಟಾವ. ಆರ್‌ಸಿ, ಲೈಸೆನ್ಸ್, ಪಾಲಿಸಿ, ಎಫ್‌ಐಆರ್, ಆಧಾರ್, ಪ್ಯಾನ್, ಕ್ಯಾನ್ಸಲ್ ಚೆಕ್, ಎಸ್ಟಿಮೇಟ್ ಎಲ್ಲಾ ಒಂದ ಫೈಲಿನ್ಯಾಗ ಹಾಕಿ ಕೊಟ್ಟೆ. ಸರ್ವೇಯರ್ ತಿರುವಿ ಹಾಕಿ, "ಹೊಗಿ ಸರ್ಟಿಫಿಕೇಟ್ ಎಲ್ಲಿ? ಅದಿಲ್ಲಂದ್ರ ಕ್ಲೇಮ್ ಇಲ್ಲ" ಅಂದ. ಪಿಯುಸಿ, ಅಂದ್ರ ಆ ಹೊಗಿ ಸರ್ಟಿಫಿಕೇಟ್, ಇಲ್ಲ ಅನ್ನೂದೊಂದ ಕಾರಣಕ್ಕ ಕ್ಲೇಮ್ ತಳ್ಳಿ ಹಾಕಾಕ ಬರೂದಿಲ್ಲ ಅಂತ ಇನ್ಶೂರನ್ಸ್ ಕಂಪನಿಗಳ ಮ್ಯಾಲ ನಿಗಾ ಇಡೂ ಐಆರ್‌ಡಿಎಐ 2020ರ ಆಗಸ್ಟಿನ್ಯಾಗ ಸ್ಪಷ್ಟ ಹೇಳೈತಿ. ಅದರ ಪ್ರಿಂಟ್ ಹೊಡದು ಮುಂದ ಇಟ್ಟೆ. ಬಾಯಿ ಮುಚ್ಚಿದ. ನನಗ ಗೊತ್ತಿತ್ತು, ಸರಿ. ಗೊತ್ತಿಲ್ಲದ ತಿಕೋಟಾದ ರೈತ, ಇಂಡಿ ಊರಿನ ಹಣ್ಣಿನ ವ್ಯಾಪಾರಿ ಈ ಮಾತು ಕೇಳಿ ತೆಪ್ಪಗ ಎದ್ದು ಹೋಗಿರ್ತಾರಲ್ಲ, ಅವರ ರೊಕ್ಕ ಯಾರ ಕಿಸೆದಾಗ ಉಳೀತು?

ಇನ್ನ ಲೆಕ್ಕದ ಕಡೆ ಬರೂಣು. ಬೈಕಿಗೆ ಹಿಂದಿನಿಂದ ಗುದ್ದಿದ್ರ ಏನೇನು ಒಡೀತೈತಿ? ಟೇಲ್ ಪ್ಯಾನಲ್, ಟೇಲ್ ಲೈಟ್, ಇಂಡಿಕೇಟರ್, ಹಿಂದಿನ ಮಡ್‌ಗಾರ್ಡ್. ಎಲ್ಲಾ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರಿಗೆ ಪಾಲಿಸಿದಾಗ 50% ಡಿಪ್ರಿಸಿಯೇಶನ್, ಅಂದ್ರ ಸವೆದದ್ದು ಅಂತ ಕಡಿತ. ಅಂದ್ರ ಆರು ಸಾವಿರದ ಪ್ಲಾಸ್ಟಿಕ್ ಹಾಕಿದ್ರ ಮೂರು ಸಾವಿರ ನನ್ನ ಕಿಸೆದಿಂದ. ರಿಮ್, ಸ್ವಿಂಗ್ ಆರ್ಮ್ ಲೋಹದ್ದು. ನನ್ನ ಗಾಡಿಗೆ ಮೂರು ವರ್ಷ ದಾಟ್ಯಾವ, ಅದಕ್ಕ 25% ಕಡಿತ. ಮ್ಯಾಲ ಕಡ್ಡಾಯ ಕಡಿತ ಅಂತ ನೂರು ರೂಪಾಯಿ. ಗುದ್ದಿದಾಂವನ ಕಾರಿಗೆ ಬಂಪರ್ ಟು ಬಂಪರ್ ಪಾಲಿಸಿ ಅಂತ, ಅಂದ್ರ ಈ ಸವೆತದ ಕಡಿತ ಇಲ್ಲದ್ದು, ಮ್ಯಾಲ ಕ್ಯಾಶ್‌ಲೆಸ್ ಅಂತ. ನನ್ನ ಗಾಡಿ ಇನ್ನೂ ಜಪ್ತಿದಾಗ ಇದ್ದಾಗ ಅವಂದು ಶೋರೂಮಿನಿಂದ ತೊಳಸ್ಕೊಂಡು ಹೊರಗ ಬಂದಿತ್ತು.

ಇದಕ್ಕೂ ದೊಡ್ಡ ಉರಿ ಇನ್ನೊಂದೈತಿ. ಮೂರು ವರ್ಷ ಒಂದೂ ಕ್ಲೇಮ್ ಮಾಡಿಲ್ಲ ಅಂತ ನನಗ ಪ್ರೀಮಿಯಮ್ಮಿನ್ಯಾಗ 35% ರಿಯಾಯಿತಿ ಇತ್ತು, ನೋ ಕ್ಲೇಮ್ ಬೋನಸ್ ಅಂತಾರ ಅದಕ್ಕ. ಈಗ ಕ್ಲೇಮ್ ಮಾಡಿದ್ನಲ್ಲ, ಅದು ಸೊನ್ನೆ. ಮುಂದಿನ ವರ್ಷ ಕ್ಲೇಮ್ ಇಲ್ಲಂದ್ರ ಮತ್ತ 20ರಿಂದ ಶುರು. "ಮೇಡಂ, ತಪ್ಪು ನಂದಲ್ಲ, ಎಫ್‌ಐಆರ್ ಅವನ ಮ್ಯಾಲ ಆಗೈತಿ" ಅಂದ್ರ, "ಸರ್, ತಪ್ಪು ಯಾರದ್ದು ಅನ್ನೂದು ಬೋನಸ್ಸಿಗೆ ಬರೂದಿಲ್ಲ, ಕ್ಲೇಮ್ ಅಂದ್ರ ಕ್ಲೇಮ್" ಅಂತ ಫೋನಿನ್ಯಾಗ ಮೆತ್ತಗ ಹೇಳ್ತಾರ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ. ಬೈಕಿನ ಪ್ರೀಮಿಯಮ್ಮಿನ್ಯಾಗ ಅದು ಕೆಲವು ನೂರು ರೂಪಾಯಿ ಮಾತು, ಒಪ್ಪತೀನಿ. ಆದ್ರ ಆ ಕೆಲವು ನೂರು ಗುದ್ದಿದಾಂವನ ಕಡೆಯಿಂದ ಯಾಕ ಬರಬಾರದು?

"ನಿಮ್ಮ ಗಾಡಿಗೆ ಐದು ವರ್ಷದ ಇನ್ಶೂರನ್ಸ್ ಐತಲ್ಲ, ಆಸ್ಪತ್ರಿ ಬಿಲ್ ಕೊಡೂದಿಲ್ಲೇನು?" ಅಂತ ಮಂದಿ ಕೇಳ್ತಾರ. ಕೊಡೂದಿಲ್ರಿ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಕಡ್ಡಾಯ ಮಾಡಿದ ಆ ಐದು ವರ್ಷದ್ದು ಥರ್ಡ್ ಪಾರ್ಟಿ. ನಾ ಯಾರಿಗರೇ ಗುದ್ದಿದ್ರ ಅವರಿಗೆ ಅದು. ಮತ್ತ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಐತಿ ಅಂತ ಏಜೆಂಟ್ ಹೇಳಿದ್ದ. ಪಾಲಿಸಿ ತಗದು ಓದಿದೆ. ಸತ್ರ ಪೂರಾ. ಎರಡು ಕೈಯೋ ಕಾಲೋ ಹೋದ್ರ ಪೂರಾ. ಒಂದು ಹೋದ್ರ ಅರ್ಧ. ಮುರದ ಎಲುಬಿಗೆ ದಮ್ಮಡಿ ಇಲ್ಲ. ಕೈಕಾಲು ಕಳಕೊಳ್ಳದ ಬದುಕಿ ಉಳದು ಎಲುಬು ಮುರಕೊಂಡಾಂವ ಈ ಕೋಷ್ಟಕದಾಗ ಎಲ್ಲೂ ಬರೂದಿಲ್ಲ.

ಆಸ್ಪತ್ರಿ ಕೌಂಟರಿನ್ಯಾಗ ಕೇಂದ್ರ ಸರ್ಕಾರದ ಯೋಜನೆ ಕೇಳಿದ್ಲು ನನ್ನ ಹೆಂಡ್ತಿ. 2025ರ ಮೇದಾಗ ಜಾರಿಗೆ ತಂದಾರ: ರಸ್ತೆ ಅಪಘಾತ ಆದ್ರ ಏಳು ದಿನದ ತನಕ, ಒಂದೂವರೆ ಲಕ್ಷದ ತನಕ ಕ್ಯಾಶ್‌ಲೆಸ್. ಕೌಂಟರಿನಾಂವ ತಲಿ ಎತ್ತದ "ಅದು ನಮ್ಮಲ್ಲಿ ಇಲ್ರಿ, ಅಡ್ವಾನ್ಸ್ ಕಟ್ರಿ" ಅಂದ. ಎಲುಬು ಮುರಕೊಂಡು ಸ್ಟ್ರೆಚರ್ ಮ್ಯಾಲ ಇದ್ದಾಂವ, ಯೋಜನೆಗೆ ಹೆಸರು ಹಚ್ಚಿದ ಆಸ್ಪತ್ರಿ ಯಾವುದು ಅಂತ ಹುಡುಕಿಕೊಂಡು ಊರು ಸುತ್ತಬೇಕೇನು? ಆಕಿ ಬಳಿ ಬಿಚ್ಚಿ ಒತ್ತಿ ಇಟ್ಟು ಅಡ್ವಾನ್ಸ್ ಕಟ್ಟಿದ್ಲು.

ಹಂಗಾರ ಗುದ್ದಿದಾಂವನ ಕಂಪನಿ? ಈ ಸಲ ಥರ್ಡ್ ಪಾರ್ಟಿ ಅಂದ್ರ ನಾನ ಅಲ್ಲೇನು? ಫೋನ್ ಹಚ್ಚಿದೆ. "ನೀವು ನಮ್ಮ ಗ್ರಾಹಕರಲ್ಲ ಸರ್, ಟ್ರಿಬ್ಯೂನಲ್‌ಗೆ ಹೋಗ್ರಿ." ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅದಕ್ಕೂ ಗಡುವು ಐತಿ: ಕಾಯ್ದೆ ತಿದ್ದುಪಡಿ ಮಾಡಿ, 2022ರ ಏಪ್ರಿಲ್‌ನಿಂದ ಅಪಘಾತ ಆದ ಆರು ತಿಂಗಳೊಳಗ ಅರ್ಜಿ ಹಾಕಬೇಕು ಅಂತ ತಂದಾರ. ಕಾಗದ ಕೊಡಬೇಕಾದವರಿಗೆ ಅವಸರ ಇಲ್ಲ, ಗಡುವು ಮಾತ್ರ ನನಗ. ಗಾಯದ ಸರ್ಟಿಫಿಕೇಟ್ ಆಸ್ಪತ್ರಿಯಿಂದ ಠಾಣೆಗೆ ಹೋಗಬೇಕು, ಪಂಚನಾಮೆ ನಕಲು ಬೇಕು, ಕಾರಿನ ಪಾಲಿಸಿ ನಂಬರ್ ಬೇಕು. ಅವ ಕೊಡಾಕ ಒಲ್ಲೆ ಅಂತಾನ. "ಇನ್ಶೂರನ್ಸ್ ಐತಲ್ಲ, ಅಲ್ಲೇ ನೋಡ್ಕೋರಿ" ಅಂತ ಗಾಂಧಿ ಚೌಕಿನ್ಯಾಗ ಸಿಕ್ಕಾಗ ನಗಕೋತ ಹೇಳಿದ. ನೋಡ್ಕೊಳ್ಳಾಕ ನಂಬರರೇ ಕೊಡೋ ಮಾರಾಯಾ!

ಆಸ್ಪತ್ರ್ಯಾಗ ಇದ್ದಾಗ ಒಬ್ಬಾಂವ ಬಂದು ಪಲ್ಲಂಗದ ಬಾಜೂಕ ಕುಂತು, "ಕೇಸ್ ನಾ ನೋಡ್ಕೋತೀನಿ, ಬಂದದ್ರಾಗ ಇಷ್ಟು ಪರ್ಸೆಂಟ್" ಅಂದಿದ್ದ. ಬೈದು ಕಳಿಸಿದ್ದೆ. ಈಗ ನನ್ನ ಅಂಗಡಿಗೆ ದಿನಾ ಬರೂ ವಕೀಲರೊಬ್ಬರು ಅರ್ಜಿ ಟೈಪ್ ಮಾಡಸಾಕತ್ತಾರ. ಎಲುಬಿನ ಖರ್ಚು, ಅಂಗಡಿ ಮುಚ್ಚಿದ ದಿನದ ಗಳಿಕೆ ಕೇಳೂದು ಸರಿ. ಕಂಪನಿ ಕೊಡದ ಉಳಿಸಿಕೊಂಡ ಆ ಪ್ಲಾಸ್ಟಿಕ್ಕಿನ ಅರ್ಧ ರೊಕ್ಕವನ್ನೂ ಅದ ಅರ್ಜಿದಾಗ ಕೇಳ್ತೀನಿ ಅಂದೆ. ಕಾನೂನಿನ್ಯಾಗ ಆಸ್ತಿ ನಷ್ಟಕ್ಕೂ ಜಾಗ ಐತಿ ಅಂದ್ರು, ಆದ್ರ "ಅಷ್ಟು ಸಣ್ಣ ರೊಕ್ಕಕ್ಕ ಯಾರು ಗುದ್ದಾಡ್ತಾರ ಬಿಡೋ ತಮ್ಮಾ" ಅಂತ ಅವರೂ ನಕ್ಕರು.

ನಾ ಬಿಡಾಂವಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಯಾರರೇ ಬೈಕಿನ ರಿಪೇರಿ ರೊಕ್ಕ ಹಿಂಗ ಟ್ರಿಬ್ಯೂನಲ್‌ನ್ಯಾಗ ತಗೊಂಡಿದ್ರ, ಏನೇನು ಬಿಲ್ ಹಚ್ಚಿದ್ರಿ, ಗ್ಯಾರೇಜಿನಾಂವನ್ನ ಸಾಕ್ಷಿಗೆ ಕರೀಬೇಕಾತೇನು, ಅಷ್ಟು ತಿಳಸ್ರಿ. ನಿಮ್ಮ ಆದೇಶದ ನಕಲು ಇದ್ರ ತಗೊಂಡು ಅಂಗಡಿಗೆ ಬರ್ರಿ, ಝೆರಾಕ್ಸ್ ನಂದು, ಚಹಾನೂ ನಂದು.