ಡೆಡ್‌ಲಿಫ್ಟ್ ಮಾಡಿದರೆ ಡಿಸ್ಕ್ ಜಾರುತ್ತದೆಯೇ? ಸತ್ಯಾಂಶ ಇಲ್ಲಿದೆ

ಉಡುಪಿಯ ನಮ್ಮ ಜಿಮ್ ಗ್ರೂಪಿಗೆ ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು: "ಡೆಡ್‌ಲಿಫ್ಟ್ ಮಾಡಬೇಡಿ, ಡಿಸ್ಕ್ ಜಾರುತ್ತದೆ."

ಡೆಡ್‌ಲಿಫ್ಟ್ ಅಂದರೆ ಎರಡೂ ತುದಿಗೆ ತೂಕದ ಪ್ಲೇಟ್ ಹಾಕಿದ ಕಬ್ಬಿಣದ ಸರಳನ್ನು (ಬಾರ್) ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಆ ಫಾರ್ವರ್ಡ್ ಹೇಳುವುದು ಸರಿಯಲ್ಲ. ಹಗುರ ತೂಕದಿಂದ ಶುರು ಮಾಡಿ ನಿಧಾನವಾಗಿ ಏರಿಸಿದರೆ ಬೆನ್ನು ಗಟ್ಟಿಯಾಗುತ್ತದೆ. ಪೆಟ್ಟಾಗುವುದು ಹೆಚ್ಚಾಗಿ ಅವಸರದಲ್ಲಿ ತೂಕ ಜಾಸ್ತಿ ಮಾಡಿದಾಗ. ಈಗಾಗಲೇ ಸೊಂಟ ನೋವು ಕಾಲಿಗೆ ಇಳಿಯುತ್ತಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ. ಎತ್ತುವಾಗ ಅದನ್ನು ಮೈಗೆ ಹತ್ತಿರವೇ ಹಿಡಿಯುತ್ತೇವೆ, ಅಲ್ವಾ? ದೂರ ಹಿಡಿದಷ್ಟೂ ಸೊಂಟದ ಮೇಲೆ ಭಾರ ಹೆಚ್ಚು. ಬಾರ್‌ಗೂ ಇದೇ ಲೆಕ್ಕ. ಅದು ಪಾದದ ನಡುಭಾಗದ ಮೇಲಿರಲಿ, ಏಳುವಾಗ ಕಾಲಿಗೆ ತಾಗಿಕೊಂಡೇ ಬರಲಿ. ಸೊಂಟವನ್ನು ಹಿಂದಕ್ಕೆ ತಳ್ಳಿ ಬಗ್ಗಿ. ಭುಜ ಬಾರ್‌ಗಿಂತ ಚೂರು ಮುಂದೆ. ಉಸಿರು ತುಂಬಿಕೊಂಡು ಹೊಟ್ಟೆ ಬಿಗಿ ಮಾಡಿ, ಪಾದದಿಂದ ನೆಲವನ್ನು ಒತ್ತಿ ಏಳಿ. ಕತ್ತೆತ್ತಿ ಸೀಲಿಂಗ್ ನೋಡುವುದು ಬೇಡ. ಮೇಲೆ ಬಂದ ಮೇಲೆ ಹಿಂದಕ್ಕೆ ವಾಲುವುದೂ ಬೇಡ, ನೆಟ್ಟಗೆ ನಿಂತರೆ ಸಾಕು.

ಹೊಸಬರಿಗೆ ಯಾರೂ ಹೇಳದ ಒಂದು ವಿಷಯವಿದೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. 5 ಕೆಜಿಯ ಸಣ್ಣ ಪ್ಲೇಟ್ ಹಾಕಿದರೆ ಬಾರ್ ತೀರಾ ಕೆಳಗಿಳಿಯುತ್ತದೆ. ಅಷ್ಟು ಬಗ್ಗುವಾಗ ಎಷ್ಟೋ ಜನರ ಬೆನ್ನು ಗೂನಾಗುತ್ತದೆ. ಎರಡೂ ಕಡೆ ಪ್ಲೇಟಿನ ಕೆಳಗೆ ಗಟ್ಟಿ ಮರದ ಹಲಗೆ ಇಟ್ಟು ಎತ್ತರ ಸರಿ ಮಾಡಿಕೊಳ್ಳಿ.