ಥ್ಯಾಕರೆ ಸಾಹೇಬರ ಮೇಜು ಎಷ್ಟು ಉದ್ದ?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ಸಾಮಾನು ಮಾರುವ ಯಾವ ಅಂಗಡಿ ಹೊಕ್ಕರೂ ಬಣ್ಣದ ಕಲ್ಲು ಕೂರಿಸಿದ ಪೇಪರ್‌ವೇಟ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬರ ಮೇಜಿನ ಮೇಲಿದ್ದದ್ದೇ ಆಗಿರುತ್ತದೆ. ಸಾಹೇಬರು 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಹತರಾದರು. ಅವರ ಮೇಜು ಮಾತ್ರ ಇನ್ನೂ ಖಾಲಿಯಾಗಿಲ್ಲ. ಈವರೆಗೆ ಮಾರಿದ್ದನ್ನೆಲ್ಲ ಸಾಲಾಗಿ ಜೋಡಿಸಬೇಕೆಂದರೆ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆಯಬೇಕಾದೀತು. ಇಷ್ಟು ಕಲ್ಲು ಹೇರಿ ಕಾಗದ ಹಿಡಿದಿಡಬೇಕಿತ್ತೆಂದರೆ ಆ ಕಚೇರಿಯಲ್ಲಿ ಅದೆಂಥ ಗಾಳಿ ಬೀಸುತ್ತಿತ್ತೋ!

ಕೊಳ್ಳುವವರನ್ನು ನೋಡಿ. ಇವರೇ ದುರ್ಗದಬೈಲಿನಲ್ಲಿ ಕಾಲು ಕಿಲೋ ಬದನೆಕಾಯಿಗೆ ಹತ್ತು ಕಾಯಿ ಹಿಚುಕಿ, ತೊಟ್ಟು ತಿರುವಿ, ಹುಳುಕಿನ ತೂತು ಹುಡುಕುವವರು. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕು ನೋಡಿಯೇ ಬಣ್ಣ ಹಚ್ಚಿದ್ದೋ ಅಲ್ಲವೋ ಹೇಳಬಲ್ಲವರು. ಪೇಪರ್‌ವೇಟ್ ಕೈಗೆ ಬಂದೊಡನೆ ಮಾತ್ರ ಕಣ್ಣು ಮುಚ್ಚಿ ಕಿವಿ ತೆರೆಯುತ್ತಾರೆ. ಕಲ್ಲನ್ನು ಯಾರೂ ನೋಡುವುದಿಲ್ಲ, ಕಥೆ ಕೇಳುತ್ತಾರೆ.

ಕಲ್ಲಿನದು ಬೇರೆಯೇ ಕಥೆ. ಕಲ್ಲಿನೊಳಗೆ ಬಣ್ಣದ ಕಲ್ಲು ಕೂರಿಸುವ ಈ ಕಸುಬಿಗೆ ಮುಖ್ಯವಾಗಿ ಮೂರು ತವರು. ಮೊದಲನೆಯದು ಫ್ಲಾರೆನ್ಸ್. ಅಲ್ಲಿ 1588ರಲ್ಲೇ ಮೆಡಿಚಿ ಮನೆತನದ ಫರ್ಡಿನಾಂಡೊ ಇದಕ್ಕೆಂದು ಕಾರ್ಖಾನೆ ತೆರೆದ. ಎರಡು-ಮೂರು ಮಿಲಿಮೀಟರ್ ದಪ್ಪದ ಕಲ್ಲಿನ ಬಿಲ್ಲೆಗಳನ್ನು ಬಿಲ್ಲಿಗೆ ಕಟ್ಟಿದ ತಂತಿಯಿಂದ, ಸಾಣೆಪುಡಿಯ ಕೆಸರು ಹಾಕುತ್ತ ಕೊಯ್ಯುತ್ತಾರೆ. ಅಂಚನ್ನು ಒಳಮುಖವಾಗಿ ತುಸು ಓರೆ ಇಡುತ್ತಾರೆ, ಮೇಲ್ಗಡೆ ಸಂದು ಕೂದಲೆಳೆಯೂ ತೂರದಂತೆ ಕೂಡಲೆಂದು. ಅಂಟು ಅಂದರೆ ರಾಳ ಮತ್ತು ಜೇನುಮೇಣ. ಎರಡನೆಯದು ಇಂಗ್ಲೆಂಡಿನ ಡರ್ಬಿಶೈರಿನ ಆಶ್‌ಫರ್ಡ್. 1748ರಲ್ಲಿ ನೀರಿನ ಬಲದಿಂದ ಕಲ್ಲು ಕೊಯ್ಯುವ ಗಿರಣಿ ಅಲ್ಲಿ ಶುರುವಾಗಿ 1905ರಲ್ಲಿ ಮುಚ್ಚಿತು. ಅವರ ‘ಕಪ್ಪು ಅಮೃತಶಿಲೆ’ ಅಮೃತಶಿಲೆಯೇ ಅಲ್ಲ, ಡಾಂಬರಿನಂಶ ಸೇರಿದ ಸುಣ್ಣದಕಲ್ಲು. ಅದರ ಮೇಲೆ ಮಲ್ಲಿಗೆ ಹೂ ಕೂರಿಸುತ್ತಿದ್ದರು. (ಮಲ್ಲಿಗೆ ಕಂಡದ್ದೇ ‘ಮೈಸೂರು ಅರಮನೀದ್ರೀ’ ಎನ್ನುವ ಅಂಗಡಿಯವರೂ ಇದ್ದಾರೆ.) ಮೂರನೆಯದು ಆಗ್ರಾದ ಪರ್ಚಿನ್‌ಕಾರಿ: ಅಮೃತಶಿಲೆಗೆ ಕೆಮ್ಮಣ್ಣು ಬಳಿದು, ನಕ್ಷೆ ಗೀರಿ, ಗುಳಿ ತೋಡಿ, ಅದೇ ಅಳತೆಗೆ ಸಾಣೆ ಹಿಡಿದ ನೀಲಿ ಕಲ್ಲು ಲಾಜವರ್ದ, ಕೆಂಪು ಕಲ್ಲು ಅಕೀಕ, ಮುತ್ತಿನಚಿಪ್ಪು ಕೂರಿಸುವುದು. ನಮ್ಮ ಅಂಗಡಿಗಳಲ್ಲಿ ಮೂರಕ್ಕೂ ಒಂದೇ ಹೆಸರು: ‘ಸಾಹೇಬ್ರದು’.

ಆಗ್ರಾದ್ದೆಂದು ಬರುವ ಅಗ್ಗದ ಮಾಲಿನಲ್ಲಿ ಅಮೃತಶಿಲೆಯ ಜಾಗದಲ್ಲಿ ಬಳಪದ ಕಲ್ಲು ಇರುತ್ತದೆ. ಗದಗಿನವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದೇ ತಮಾಷೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಇದೇ ಜಾತಿಯ ಕಲ್ಲನ್ನು ಲೇಸಿನಂತೆ ಬಿಡಿಸಿದ್ದಾರೆ. ಅದನ್ನು ದಿನವೂ ಹಾದುಹೋಗುವವರು ಹುಬ್ಬಳ್ಳಿಗೆ ಬಂದು, ಬಳಪದ ಕಲ್ಲಿಗೆ ಅಮೃತಶಿಲೆಯ ರೊಕ್ಕ ಎಣಿಸಿ, ಹಳೇ ಧೋತರದಲ್ಲಿ ಸುತ್ತಿಕೊಂಡು ಊರಿಗೆ ಒಯ್ಯುತ್ತಾರೆ. ಪರೀಕ್ಷೆಗೆ ಖರ್ಚಿಲ್ಲ. ತಳಭಾಗದ ಮೂಲೆಗೆ ಉಗುರು ಒತ್ತಿ ಎಳೆಯಬೇಕು. ಒಂದರಿಂದ ಹತ್ತರ ಅಳತೆಯಲ್ಲಿ ಉಗುರಿನ ಗಡಸುತನ ಎರಡೂವರೆ, ಅಮೃತಶಿಲೆಯದು ಮೂರು, ಬಳಪದ್ದು ಹೆಚ್ಚುಕಡಿಮೆ ಒಂದು. ಗೆರೆ ಬಿದ್ದು ಪುಡಿ ಜಾರಿದರೆ ಪಾಟಿ ಮೇಲೆ ಅಆಇಈ ಬರೆಯಲಿಕ್ಕೆ ಅಡ್ಡಿಯಿಲ್ಲ.

ಕೈಯಲ್ಲಿ ತೂಗಿ ನೋಡುವ ಜಾಣರಿಗೆ ಒಂದು ಮಾತು. 10 ಸೆಂಟಿಮೀಟರ್ ಉದ್ದ, 7 ಅಗಲ, 2 ದಪ್ಪದ ಅಮೃತಶಿಲೆ ಸುಮಾರು 380 ಗ್ರಾಂ ತೂಗಬೇಕು. ಅದೇ ಅಳತೆಯ ಬರೀ ರೆಸಿನ್ (ಎರಕದ ಪ್ಲಾಸ್ಟಿಕ್ಕು) 170 ಗ್ರಾಂ ದಾಟುವುದಿಲ್ಲ, ಅಲ್ಲಿ ತಕ್ಕಡಿ ಕಳ್ಳನನ್ನು ಹಿಡಿಯುತ್ತದೆ. ಬಳಪದ ಕಲ್ಲು ಮಾತ್ರ ಅಮೃತಶಿಲೆಯಷ್ಟೇ ತೂಗುತ್ತದೆ, ಉಗುರೇ ಗತಿ. ಮೊಬೈಲ್ ಟಾರ್ಚ್ ಹಚ್ಚಿ, ಕೆಂಪು ಕಲ್ಲು ಕೆಂಡದಂತೆ ಹೊಳೆಯುವುದನ್ನು ತೋರಿಸಿದರೆ ಹಿಗ್ಗಬೇಡಿ. ಅಕೀಕವೂ ಹೊಳೆಯುತ್ತದೆ, ಕೆಂಪು ಪ್ಲಾಸ್ಟಿಕ್ಕು ಇನ್ನೂ ಚಂದ ಹೊಳೆಯುತ್ತದೆ. ನೀಲಿಗೆ ಉಗುರುಬಣ್ಣ ಅಳಿಸುವ ದ್ರವದಲ್ಲಿ ಅದ್ದಿದ ಹತ್ತಿ ಒತ್ತಿ. ಹತ್ತಿ ನೀಲಿಯಾದರೆ ಆ ಬಣ್ಣ ಕಲ್ಲಿನದಲ್ಲ, ರಂಗಿನಾಟ.

ಹಳತು ಮಾಡುವ ವಿದ್ಯೆ ಇನ್ನೂ ಸರಳ: ಕಡಕ್ ಚಹಾದಲ್ಲಿ ರಾತ್ರಿಯಿಡೀ ನೆನೆಸುವುದು, ಸಂದಿಗೆ ಬೂಟ್ ಪಾಲಿಶ್ ತಿಕ್ಕುವುದು. ನಿಜವಾದ ಸವೆತ ಕೈ ಆಡುವ ಅಂಚಿಗೆ, ಮೇಜಿಗೆ ಉಜ್ಜುವ ತಳದ ಸುತ್ತಿಗೆ ಬರುತ್ತದೆ. ಚಹಾದ ಮುಪ್ಪು ಮಾತ್ರ ಮೂಲೆಮುಡುಕು ಬಿಡದೆ ಒಂದೇ ಸಮ ಹಬ್ಬಿರುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಸಂದನ್ನು ನೋಡಿದರೆ ಅಂಟಿನೊಳಗೆ ಸಣ್ಣ ಗುಳ್ಳೆ. ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದರೆ ಬಹಳಷ್ಟು ಸಲ ಅಂಟು ಬೆಳ್ಳಗೆ ಮಿನುಗುತ್ತದೆ: ಎಪಾಕ್ಸಿ, ನಮ್ಮ ಭಾಷೆಯಲ್ಲಿ ಅರಾಲ್ಡೈಟ್. ಅದು ಮಾರುಕಟ್ಟೆಗೆ ಬಂದದ್ದು 1946ರಲ್ಲಿ. ಥ್ಯಾಕರೆ ಸಾಹೇಬರ ಕಾಲಕ್ಕೂ ಅದಕ್ಕೂ 122 ವರ್ಷ ಅಂತರ ಅಂದರೆ ಉತ್ತರ ತಯಾರಿರುತ್ತದೆ: ‘ನಡುವ ಒಮ್ಮೆ ರಿಪೇರಿ ಮಾಡಿಸ್ಯಾರ್ರೀ.’ ಯಾರು ಎಂದು ಕೇಳಬಾರದು.

ಅಪರೂಪಕ್ಕೆ ಅಸಲಿ ಸಿಕ್ಕರೂ ಅದು ಆಯುಧಪೂಜೆಯವರೆಗೆ ಮಾತ್ರ. ಅಂದು ಕಚೇರಿಯ ಮೇಜು ತೊಳೆದು, ಪೇಪರ್‌ವೇಟಿಗೆ ಕುಂಕುಮ ಬಡಿದು, ಮೇಲೊಂದು ಲಿಂಬೆಹಣ್ಣು ಕೊಯ್ದಿಡುತ್ತಾರೆ. ಲಿಂಬೆಯ ಹುಳಿ ಸುಣ್ಣಾಂಶದ ಕಲ್ಲನ್ನು ತಿನ್ನುತ್ತದೆ, ಹೊಳಪು ಹೋಗಿ ಮಂಜುಗಟ್ಟಿದ ಗುಂಡು ಕಲೆ ಉಳಿಯುತ್ತದೆ. ಅಕೀಕಕ್ಕೆ ಏನೂ ಆಗುವುದಿಲ್ಲ. ಅದರ ಸುತ್ತಲಿನ ನೆಲ ಇಳಿದು ಹೂವು ಒಂಟಿಯಾಗುತ್ತದೆ. ಕಲೆ ತೆಗೆಯಲು ಹಿತ್ತಾಳೆ ಕೊಡಕ್ಕೆ ಮಾಡಿದಂತೆ ಹುಣಸೆಹಣ್ಣು ತಿಕ್ಕಿದರೆ ಕೆಲಸ ಪೂರಾ. ತೊಳೆದು ಬಿಸಿಲಿಗೆ ಒಣಗಿಸಿದಿರೋ, ಹಳೆ ರಾಳ-ಮೇಣ ಮೆತ್ತಗಾಗಿ ದಳಗಳು ಒಂದೊಂದೇ ಏಳುತ್ತವೆ, ಆಶ್‌ಫರ್ಡಿನ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಒರಸಲು ಹಿಂಡಿದ ಮೆತ್ತನೆ ಬಟ್ಟೆ ಸಾಕು, ಕೂಡಲೇ ಒಣಬಟ್ಟೆ.

ಇನ್ನು ವಯಸ್ಸು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಹೀಗಾಗಿ ಗಿರಾಕಿಗೆ ಇನ್ನೂರು ವರ್ಷದ್ದಾದ ಕಲ್ಲು, ಲೈಸೆನ್ಸ್ ಎಂದೊಡನೆ ‘ಹೋದ ದೀಪಾವಳಿ ಮಾಲ್ರೀ’ ಆಗಿ, ಬಿಲ್ಲಿನಲ್ಲಿ ‘ಮಾರ್ಬಲ್ ಶೋಪೀಸ್, 1 ನಗ’ ಆಗಿ ಇಳಿಯುತ್ತದೆ. ಇಡೀ ವ್ಯವಹಾರದಲ್ಲಿ ಸುಳ್ಳು ಹೇಳದ್ದು ಆ ಬಿಲ್ಲೊಂದೇ. ಅದನ್ನು ಹರಿದು ಒಗೆದು, ಪೇಪರ್‌ವೇಟನ್ನು ಅಮೆರಿಕದ ಮಗನಿಗೆ ಕಳಿಸಲು ರಾಯರು ಓಡಾಡುತ್ತಾರೆ. ಇದು ಪ್ರಾಚ್ಯವಸ್ತುವಲ್ಲ ಎಂದು ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ ಪಾರ್ಸೆಲ್ ಕಚೇರಿಯವರು. ಥ್ಯಾಕರೆ ಸಾಹೇಬರ ಹೆಸರು ಹೇಳಿ ಕೊಂಡದ್ದನ್ನು ರಾಯರೇ ಅಧಿಕಾರಿಯ ಮುಂದಿಟ್ಟು, ‘ಹಳೇದಲ್ರೀ, ದಯವಿಟ್ಟು ಬರಕೊಡ್ರಿ’ ಎಂದು ಬೇಡಿಕೊಳ್ಳುತ್ತಾರೆ. ಅಧಿಕಾರಿಗೆ ಒಂದು ನೋಟ ಸಾಕು. ಸಹಿ, ಮೊಹರು. ಫ್ಯಾನಿನ ಗಾಳಿಗೆ ಆ ಪತ್ರ ಹಾರದಿರಲೆಂದು ರಾಯರು ಅದರ ಮೇಲೆ ಇಡುವುದು ಅದೇ ಪೇಪರ್‌ವೇಟನ್ನು.