ಅಜ್ಜಿಗೆ 98, ನೋಡಿಕೊಳ್ಳುವ ಮಗಳಿಗೆ 74

ದೊಡ್ಡಮ್ಮನ ಮನೆಯ ಮೇಜಿನ ಮೇಲೆ ಎರಡು ಮಾತ್ರೆ ಡಬ್ಬಿಗಳಿವೆ. ಒಂದೇ ಅಳತೆ, ಎರಡಕ್ಕೂ ಏಳೇಳು ಖಾನೆ. ನೀಲಿ ಡಬ್ಬಿ ಅಜ್ಜಿಯದು, ಬಿಳಿಯದು ದೊಡ್ಡಮ್ಮನದು. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದಾಗ ಮೊದಲ ದಿನ ಬೆಳಿಗ್ಗೆ ನಾನು ಬಿಳಿ ಡಬ್ಬಿ ಹಿಡಿದು ಅಜ್ಜಿಯ ಹತ್ತಿರ ಹೊರಟಿದ್ದೆ. ದೊಡ್ಡಮ್ಮ ಮಂಡಿ ಹಿಡಿದುಕೊಂಡೇ ಬಂದು ತಡೆದಳು. "ಅದು ನಂದು ಕಣೋ."

ಅಜ್ಜಿಗೆ 98. ಅವಳನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ರಾತ್ರಿ ಮೂರು ಸಲ ಎದ್ದು ಬಾತ್‌ರೂಮಿಗೆ ಕರೆದೊಯ್ಯುವ ಮಗಳಿಗೆ 74.

ತುಂಬಾ ವರ್ಷ ಬದುಕಿದವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ, "ಗುಟ್ಟೇನು?" ನನಗೀಗ ಆ ಪ್ರಶ್ನೆಯಲ್ಲಿ ಆಸಕ್ತಿ ಉಳಿದಿಲ್ಲ. ದೊಡ್ಡ ಗುಟ್ಟೇನೂ ಇಲ್ಲ. ಶುದ್ಧ ನೀರು, ಲಸಿಕೆ, ಆ್ಯಂಟಿಬಯೋಟಿಕ್ ಬಂದವು, ಮಕ್ಕಳು ಉಳಿದುಕೊಂಡರು. ಆಮೇಲೆ ಬಿಪಿ ಮಾತ್ರೆ, ಹೃದಯದ ಚಿಕಿತ್ಸೆ ಬಂದವು, ಅರವತ್ತು ದಾಟಿದವರೂ ಉಳಿದುಕೊಂಡರು. 1950ರಲ್ಲಿ ಜಗತ್ತಿನ ಸರಾಸರಿ ಆಯಸ್ಸು 46ರ ಆಸುಪಾಸಿನಲ್ಲಿತ್ತು, ಈಗ ಸುಮಾರು 73. ಜಪಾನ್ ಸರ್ಕಾರ 1963ರಲ್ಲಿ ನೂರು ದಾಟಿದವರನ್ನು ಎಣಿಸಲು ಶುರು ಮಾಡಿದಾಗ ಸಿಕ್ಕವರು 153 ಜನ. 2024ರಲ್ಲಿ ಅದೇ ಎಣಿಕೆ 95,119. ನೂರು ತುಂಬಿದವರಿಗೆ ಕೊಡುತ್ತಿದ್ದ ಅಪ್ಪಟ ಬೆಳ್ಳಿಯ ಬಟ್ಟಲು ದುಬಾರಿಯಾಗಿ, 2016ರಿಂದ ಬೆಳ್ಳಿ ಲೇಪದ ಬಟ್ಟಲು ಕೊಡುತ್ತಿದ್ದಾರೆ.

ಇದು ಖುಷಿಯ ಸುದ್ದಿ. ಮುಪ್ಪನ್ನು 'ಹೊರೆ', 'ಸುನಾಮಿ' ಅಂತೆಲ್ಲ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜನ ಬೇಗ ಸಾಯುತ್ತಿಲ್ಲ ಅನ್ನುವುದು ಯಾರಿಗಾದರೂ ಆಪತ್ತು ಹೇಗಾಗುತ್ತದೆ?

ಆದರೆ ಇಷ್ಟೆಲ್ಲ ಎಣಿಸುವವರು ದೊಡ್ಡಮ್ಮನನ್ನು ಎಣಿಸುವುದಿಲ್ಲ. ತಾಯಿಗೆ 95 ಆಯಿತು ಅಂದರೆ ಮಕ್ಕಳೂ ಎಪ್ಪತ್ತರ ಹೊಸ್ತಿಲಲ್ಲಿ ಇರುತ್ತಾರೆ, ಸೊಸೆಯೂ ಅಷ್ಟೇ. ಜಪಾನಿನಲ್ಲಿ ಇದಕ್ಕೆ 'ರೋ-ರೋ ಕೈಗೊ' ಎಂಬ ಹೆಸರೇ ಇದೆ, ವಯಸ್ಸಾದವರನ್ನು ವಯಸ್ಸಾದವರೇ ನೋಡಿಕೊಳ್ಳುವುದು ಅಂತ. ಕನ್ನಡದಲ್ಲಿ ನಾವಿನ್ನೂ ಇದಕ್ಕೊಂದು ಪದ ಮಾಡಿಕೊಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸರಾಸರಿ ಆಯಸ್ಸಿಗೂ ಆರೋಗ್ಯವಾಗಿ ಕಳೆಯುವ ವರ್ಷಗಳಿಗೂ ಹತ್ತಿರ ಹತ್ತಿರ 10 ವರ್ಷದ ಅಂತರವಿದೆ. ಆ ಅಂತರವನ್ನು ಯಾರೋ ಒಬ್ಬರು ತಮ್ಮ ಸೊಂಟ, ಬೆನ್ನು, ನಿದ್ದೆ ಕೊಟ್ಟು ತುಂಬಿಸುತ್ತಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಒಬ್ಬ ಹೆಂಗಸು.

ದೊಡ್ಡಮ್ಮನ ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದಾಳೆ. "ಆದ್ಮೇಲೆ ಕೆಲವು ದಿನ ಬಗ್ಗಬಾರದು, ಭಾರ ಎತ್ತಬಾರದು ಅಂತಾರೆ. ಅಮ್ಮನ್ನ ಎತ್ತದೆ ಇರೋಕಾಗುತ್ತಾ?" ಅಜ್ಜಿಯನ್ನು ತೋರಿಸಲು ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ. ಅವರು ಅಜ್ಜಿಯ ಬಿಪಿ ನೋಡಿದರು, ಕಾಲಿನ ಊತ ಒತ್ತಿ ನೋಡಿದರು, ಈ ವಯಸ್ಸಿಗೆ ತುಂಬಾ ಗಟ್ಟಿ ಅಂದರು. ಗಾಲಿಕುರ್ಚಿಯ ಹಿಡಿಕೆಗೆ ಒರಗಿ ನಿಂತವಳನ್ನು "ನಿಮಗೆ ಹೇಗಿದೆ, ರಾತ್ರಿ ನಿದ್ದೆ ಬರುತ್ತಾ?" ಅಂತ ಒಂದು ಮಾತು ಕೇಳಲಿಲ್ಲ. ಡಾಕ್ಟರನ್ನೇ ಏಕೆ ದೂರಲಿ? ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುವ ನಾವು ಎಂಟು ಜನ ಮೊಮ್ಮಕ್ಕಳು ಕೂಡ "ಅಜ್ಜಿಗೆ ಫೋನ್ ಕೊಡು" ಅನ್ನುತ್ತಿದ್ದೆವೇ ಹೊರತು ಅವಳನ್ನು ಕೇಳಿದ್ದಿಲ್ಲ. ಈಗ ಸರದಿ ಹಾಕಿಕೊಂಡಿದ್ದೇವೆ, ತಿಂಗಳಿಗೆ ಒಟ್ಟು ನಾಲ್ಕು ರಾತ್ರಿ ನಮ್ಮಲ್ಲೊಬ್ಬರು. ಇದೇನೂ ದೊಡ್ಡ ಸಾಧನೆಯಲ್ಲ, ಉಳಿದ ಇಪ್ಪತ್ತಾರು ರಾತ್ರಿ ಅವಳದೇ. ಒಂದು ವಾರವಾದರೂ ಬಂದು ಕೆಲಸ ವಹಿಸಿಕೊಳ್ಳುವ, ಕಲಿತ, ನಂಬಬಹುದಾದ ಆಳು ಬೇಕು. ಅದು ಮನೆಮನೆಯವರ ಅನುಕೂಲಕ್ಕೆ ಬಿಟ್ಟ ವಿಷಯ ಆಗಬಾರದು, ಆಸ್ಪತ್ರೆಯಷ್ಟೇ ಅಗತ್ಯದ ಸಾರ್ವಜನಿಕ ಸೇವೆ ಆಗಬೇಕು.

ಇನ್ನೊಂದು ವಿಷಯ. ಫ್ರಾನ್ಸಿನ ಜಾನ್ ಕಾಲ್ಮಾ ಎಂಬ ಮಹಿಳೆ 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡರು. ದಾಖಲೆಯಲ್ಲಿ ಅಷ್ಟು ಬದುಕಿದವರು ಇನ್ನೊಬ್ಬರಿಲ್ಲ. ಒಬ್ಬಳೇ ಮಗಳು 1934ರಲ್ಲೇ ಹೋಗಿದ್ದಳು, ಒಬ್ಬನೇ ಮೊಮ್ಮಗ 1963ರಲ್ಲಿ. ಅದಾದಮೇಲೂ 34 ವರ್ಷ. 122 ಅನ್ನುವ ಸಂಖ್ಯೆಗಿಂತ ಈ 34 ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಅಜ್ಜಿಯನ್ನು ಹೆಸರು ಹಿಡಿದು 'ಬಾರೇ, ಹೋಗೇ' ಅಂತ ಮಾತಾಡಿಸುವವರು ಈಗ ಯಾರೂ ಉಳಿದಿಲ್ಲ. ಕೊನೆಯವರು ಅವಳ ತಂಗಿ, ಆರು ವರ್ಷದ ಹಿಂದೆ ತೀರಿಕೊಂಡಳು. ಈಗ ಅವಳು ಎಲ್ಲರಿಗೂ ಅಜ್ಜಿ, ಒಬ್ಬಳಿಗೆ ಮಾತ್ರ ಅಮ್ಮ.

ನನ್ನ ಪಾಳಿಯ ಮೊದಲ ರಾತ್ರಿ ಎರಡೂವರೆಗೆ ಅಜ್ಜಿ ಎದ್ದಳು. ಕಂಕುಳಿಗೆ ಕೈ ಕೊಟ್ಟು ಕೂರಿಸಿದೆ. ಕತ್ತಲಲ್ಲಿ ನನ್ನ ಮುಂಗೈ ಮುಟ್ಟಿ ಮುಟ್ಟಿ ನೋಡಿ, ಮಗಳ ಕೈಯಲ್ಲ ಅಂತ ಗೊತ್ತಾಗಿ, ಪಿಸುದನಿಯಲ್ಲಿ ಕೇಳಿದಳು: "ಅವಳು ಮಲಗಿದ್ದಾಳಾ?" ಹೌದು ಅಂದೆ. "ಹಾಗಾದ್ರೆ ಲೈಟ್ ಹಾಕಬೇಡ."